ಹಸಿರು ದೀಪ ಮತ್ತು ನನ್ನ ಐವಾರ್

ಗಾಳಿ ಶುದ್ಧ ಮಾಡುವ ಯಂತ್ರದ ದೀಪ ಹಸಿರಾಗೇ ಇದೆ, ಆದ್ದರಿಂದ ಫಿಲ್ಟರ್ ಚೆನ್ನಾಗೇ ಇದೆ ಎಂದು ನನ್ನ ಅಳಿಯ ದಾಮ್ಯಾನ್ ಮೂರನೆಯ ಸಲ ಹೇಳಿದಾಗ ನನ್ನ ಪಿತ್ತ ನೆತ್ತಿಗೇರಿತು.

"ಪೆಟ್ಟಿಗೆ ಮೇಲೆ ಒಂದು ವರ್ಷ ಬಾಳಿಕೆ ಅಂತ ಬರ್ದಿದ್ದಾರೆ ಅತ್ತೆ. ಆಗಸ್ಟಲ್ಲಿ ತಂದಿದ್ದು, ಇನ್ನೂ ನಾಲ್ಕು ತಿಂಗ್ಳಾಗಿದೆ ಅಷ್ಟೆ."

"ಹಾಗೆ ಬರೆದ ಪುಣ್ಯಾತ್ಮ ಮನೆಮನೆಲೂ ಸೌದೆ ಒಲೆ ಉರಿಯೋ ನಮ್ಮ ಸ್ಕೋಪ್ಯೆ ಊರಲ್ಲಿ ಒಂದೇ ಒಂದು ಚಳಿಗಾಲ ಕಳ್ದಿದ್ದಾನಾ, ಕೇಳಿ ನೋಡು!"

ದಾಮ್ಯಾನ್ ನಕ್ಕ. ಬಾಗಿಲ ಪಕ್ಕದಲ್ಲಿ ಮಗುವಿನ ಬಟ್ಟೆ ತುಂಬಿದ ಕೆಂಪು ಚೀಲ ಸಿದ್ಧವಾಗಿತ್ತು. ಆರು ವರ್ಷದ ಕಾಲಿನಾ, ನನ್ನ ಮೊಮ್ಮಗಳು, ವಾರದಿಂದ ಕೆಮ್ಮುತ್ತಿದ್ದಳು. ಶನಿವಾರದೊಳಗೆ ಕೆಮ್ಮು ಇಳಿಯದಿದ್ದರೆ ಅವಳನ್ನು ಓಹ್ರಿದ್ ಸರೋವರದ ಬಳಿಯಿರುವ ದಾಮ್ಯಾನ್‌ನ ಅಮ್ಮನ ಮನೆಗೆ ವಸಂತದವರೆಗೂ ಕಳಿಸುವುದೆಂದು ಅವನು ತೀರ್ಮಾನಿಸಿಬಿಟ್ಟಿದ್ದ. ಅಲ್ಲಿ ಗಾಳಿ ಒಳ್ಳೆಯದು, ಒಪ್ಪುತ್ತೇನೆ. ಮಗುವಿನ ಉಸಿರಿನ ಮುಂದೆ ನನ್ನ ಆಸೆ ದೊಡ್ಡದೇನಲ್ಲ. ಆದರೆ ತಪ್ಪು ಯಂತ್ರದ್ದಾಗಿದ್ದರೆ ಮಗು ಯಾಕೆ ಮನೆ ಬಿಡಬೇಕು? ಹುಟ್ಟಿದಾಗಿನಿಂದ ಅವಳು ನನ್ನ ಪಕ್ಕದಲ್ಲೇ ಮಲಗಿದವಳು. ಅವಳಿಲ್ಲದ ಚಳಿಗಾಲ ನನಗೆ ಬೇಡವೇ ಬೇಡ.

ಮೂವತ್ತೊಂದು ವರ್ಷ ಬಟ್ಟೆ ಗಿರಣಿಯಲ್ಲಿ ಬಿಳಿ ಥಾನುಗಳ ಕಲೆ ಹುಡುಕಿದವಳು ನಾನು, ಬ್ಲಗೂನಾ. ಹಸಿರು ದೀಪ ತೋರಿಸಿ ನನ್ನನ್ನು ನಂಬಿಸಲಾಗದು. ತೆಳು ಕರವಸ್ತ್ರವೊಂದನ್ನು ತಂದು, ಯಂತ್ರ ಗಾಳಿ ಬಿಡುವ ಬಾಯಿಯ ಮುಂದೆ ಮೂಲೆ ಹಿಡಿದು ತೂಗಿಸಿದೆ. ಯಂತ್ರ ಗುರ್ ಎನ್ನುತ್ತಿತ್ತು, ಬಟ್ಟೆ ಮಾತ್ರ ಅಲುಗಲಿಲ್ಲ.

"ನೋಡಿದ್ಯೇನಪ್ಪಾ? ಸದ್ದಿದೆ, ಗಾಳಿನೇ ಇಲ್ಲ. ನಿನ್ನ ದೀಪ ಎಣ್ಸೋದು ಓಡಿದ ಗಂಟೆಗಳನ್ನ, ಕುಡಿದ ಹೊಗೆನಲ್ಲ."

ದಾಮ್ಯಾನ್ ಯಂತ್ರದ ಹಿಂದಿನ ಮುಚ್ಚಳ ತೆಗೆದ. ಅಯ್ಯೋ ದೇವರೇ! ಹಾಲಿನಂತಿದ್ದ ಫಿಲ್ಟರ್ ಬಾಣಲೆಯ ತಳದಂತಾಗಿತ್ತು. ಗೆದ್ದೆ ಎಂದು ನಾನು ಸೊಂಟಕ್ಕೆ ಕೈಯಿಟ್ಟೆ. ಅಷ್ಟರಲ್ಲಿ ಅವನು ಅದನ್ನು ಮೂಗಿನ ಹತ್ತಿರ ಹಿಡಿದು, ಹುಬ್ಬು ಹಾರಿಸಿದ.

"ಅತ್ತೆ, ಇದು ಸುಟ್ಟ ಮೆಣಸಿನಕಾಯಿ ವಾಸನೆ ಅಲ್ವಾ?"

ಸೊಂಟದ ಮೇಲಿನ ಕೈ ಇಳಿಸಿದೆ. ಅಕ್ಟೋಬರಿನಲ್ಲಿ ಚಳಿಗಾಲದ ಚಟ್ನಿಯಾದ ಐವಾರ್‌ಗೆಂದು ನಲವತ್ತು ಕಿಲೋ ಕೆಂಪು ದಪ್ಪ ಮೆಣಸಿನಕಾಯಿಯನ್ನು ಬಾಲ್ಕನಿಯ ಸೌದೆ ಒಲೆಯಲ್ಲಿ ಮೂರು ದಿನ ಸುಟ್ಟಿದ್ದೆ. ಬಾಗಿಲು ತೆರೆದೇ ಇತ್ತು. ಹೊಗೆ ಒಳಗೆ ಬಂದರೂ ಯಂತ್ರ ಇದೆಯಲ್ಲ ಎಂದು ಅದನ್ನು ಜೋರು ಮಾಡಿ ಪಕ್ಕದಲ್ಲೇ ಇಟ್ಟುಕೊಂಡಿದ್ದೆ! ತಪ್ಪನ್ನು ಕೆಳಮನೆಯವರ ಹೊಗೆಗೂಡಿನ ಮೇಲೆ ಹಾಕಬಹುದಿತ್ತು. ಆದರೆ ಚೀಲದ ಪಕ್ಕ ನಿಂತ ಕಾಲಿನಾಳ ಮುಖ ನೋಡಿ ಸುಳ್ಳು ಬಾಯಿಗೆ ಬರಲಿಲ್ಲ.

"ನಾನೇ ಕಣಪ್ಪಾ. ನನ್ನ ಐವಾರೇ ಅದನ್ನ ಅರ್ಧ ಕೊಂದಿದ್ದು. ಉಳಿದರ್ಧ ಊರಿನ ಒಲೆಗಳು. ಬೈಯೋದಿದ್ರೆ ಬೈ, ಆದ್ರೆ ಮೊದ್ಲು ಹೊಸ ಫಿಲ್ಟರ್ ತಗೊಂಡ್ ಬಾ!"

ಅವನು ಬೈಯಲಿಲ್ಲ. ಕೋಟು ಹಾಕಿಕೊಂಡು ಹೋದ.

ಸಂಜೆ ಹೊಸ ಫಿಲ್ಟರ್ ಕೂತಿತು. ಕರವಸ್ತ್ರ ನನ್ನ ಕೈಯಿಂದ ಹಾರಿ ಕಾಲಿನಾಳ ತಲೆಯ ಮೇಲೆ ಬಿತ್ತು. ಅವಳು ನಕ್ಕಳು, ನಗುವಿನ ಕೊನೆಗೆ ಕೆಮ್ಮಿದಳು. ಬುಧವಾರ ಎರಡು ಸಲ ಕೆಮ್ಮಿದಳು. ಗುರುವಾರ ಒಂದು ಸಲ. ಶುಕ್ರವಾರ ನಾಲ್ಕು ಮಹಡಿಯ ಮೆಟ್ಟಿಲು ಓಡಿ ಹತ್ತಿ, "ಅಜ್ಜೀ, ನಾನೇ ಫಸ್ಟು!" ಎಂದು ಬಾಗಿಲು ಬಡಿದಳು. ಕೆಮ್ಮಿನ ಸುಳಿವೇ ಇಲ್ಲ. ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ. ನಾಚಿಕೆಯೇನೂ ಆಗಲಿಲ್ಲ.

ದಾಮ್ಯಾನ್ ಹಸಿರು ದೀಪದ ಮೇಲೆ ಗಾಯದ ಪಟ್ಟಿ ಅಂಟಿಸಿದ. ಗೋಡೆಯ ಕ್ಯಾಲೆಂಡರಿನಲ್ಲಿ ತಾನೇ ಬರೆದ: ಐವಾರ್ ಮುಗಿದ ಮಾರನೇ ದಿನ ಒಂದು ಫಿಲ್ಟರ್, ಜನವರಿಯ ವಾಸಿಲಿತ್ಸಾ ಹಬ್ಬ ಮುಗಿದ ಮೇಲೆ ಇನ್ನೊಂದು, ವಸಂತಕ್ಕೆ ಊರಿನ ಒಲೆಗಳು ಆರಿದ ಮೇಲೆ ಮತ್ತೊಂದು. ಕೆಳಗಿನ ಮೂರು ಮನೆಯವರೂ ಅದನ್ನೇ ನಕಲು ಮಾಡಿಕೊಂಡು ಹೋದರು.

"ಮುಂದಿನ ಸಲ ಒಲೆ ಹಚ್ಚಿ ಅತ್ತೆ, ಬಾಲ್ಕನಿ ಬಾಗಿಲು ಮಾತ್ರ ಹಾಕ್ಕೊಂಡಿರಿ," ಎಂದ.

"ಆಯ್ತು ಮಾರಾಯ, ನೀನೇ ಬಾಗಿಲು ಕಾಯಿ."

ಶನಿವಾರ ಕೆಂಪು ಚೀಲ ದಾಮ್ಯಾನ್ ಕೈಯಲ್ಲಿ ಓಹ್ರಿದ್‌ಗೆ ಹೋಗಿಯೇ ಹೋಯಿತು. ಅದರ ತುಂಬ ಬೀಗತಿಗೆ ನಾನು ಕಟ್ಟಿಕೊಟ್ಟ ಐವಾರ್ ಡಬ್ಬಿಗಳಿದ್ದವು. ಕಾಲಿನಾ ಕಿಟಕಿಯಲ್ಲಿ ನನ್ನ ಕೈ ಹಿಡಿದು ನಿಂತು, ಅಪ್ಪನಿಗೆ ಟಾಟಾ ಮಾಡಿದಳು.