ಹಳದಿ ಕಲ್ಲಿನೊಳಗಿನ ಕಣ್ಣು

ಭಾನುವಾರ ಬೆಳಿಗ್ಗೆ ಮೈದುನ ಶ್ರೀಶೈಲ ಮುಲುಂಡ್‌ನ ಮನೆಗೆ ಮರದ ಪೆಟ್ಟಿಗೆ ಹೊತ್ತು ತಂದಾಗಲೇ ವೈಶಾಲಿಗೆ ಅನುಮಾನ ಬಂತು. ಬೊರಿವಲಿಯ ಕಲ್ಲಿನಂಗಡಿಯಲ್ಲಿ ಮ್ಯಾನೇಜರಾಗಿದ್ದ ಅವನು ಹಬ್ಬಕ್ಕೆ ಕರೆದರೂ ಬರುವವನಲ್ಲ.

ಪೆಟ್ಟಿಗೆಯಲ್ಲಿ ಉದ್ದ ಮೂತಿಯ, ಸಾಲು ಹಲ್ಲಿನ ತಲೆಬುರುಡೆಯಿತ್ತು.

“ಡೈನೋಸಾರ್ ಕಾಲದ ಸಮುದ್ರದ ಪ್ರಾಣಿ, ವೈನಿ. ಕಚ್ಛ್‌ದಿಂದ ಬಂದದ. ಸಾಂತಾಕ್ರೂಜ್‌ದಾಗ ಒಂದು ಹೊಟೇಲಿನವರು ರಿಸೆಪ್ಷನ್‌ದಾಗ ಇಡ್ತಾರಂತ. ನೀವು ಕಾಲೇಜಿನ್ಯಾಗ ಇದನ್ನೇ ಕಲಿಸ್ತೀರಿ. ಖರೇ ಅದ ಅಂತ ಒಂದ್ ಮಾತು ಹೇಳ್ರಿ, ಸಾಕು.”

ಹಲ್ಲುಗಳೆಲ್ಲ ಒಂದೇ ಅಳತೆಯವು. ವೈಶಾಲಿ ಉಗುರುಬಣ್ಣ ಒರೆಸುವ ದ್ರವದಲ್ಲಿ ಹತ್ತಿ ಅದ್ದಿ ಮೂತಿಗೆ ಉಜ್ಜಿದಳು. ಹತ್ತಿ ಕಂದುಬಣ್ಣಕ್ಕೆ ತಿರುಗಿತು, ಕೆಳಗೆ ಬಿಳಿ ಪ್ಲಾಸ್ಟರ್.

“ಇದು ಸುಳ್ಳು ಮಾಲು.”

“ಹೌದಾ?” ಎಂದು ಶ್ರೀಶೈಲ ಚಹಾ ಹೀರಿದ.

ಮೋಸ ಹೋದವನ ಮುಖ ಹೀಗಿರುವುದಿಲ್ಲ ಎನಿಸಿ ಅವಳು ಉಜ್ಜುತ್ತಲೇ ಹೋದಳು. ಕಣ್ಣಿನ ಗುಳಿಯ ಸುತ್ತ ಮಾತ್ರ ಬಣ್ಣ ಬಿಡಲಿಲ್ಲ. ಅಲ್ಲಿ ತೆಳ್ಳನೆಯ ಎಲುಬಿನ ಚೂರುಗಳು ತಟ್ಟೆಯಗಲದ ಉಂಗುರವಾಗಿ ಕೂಡಿಕೊಂಡಿದ್ದವು. ಆ ಕಾಲದ ಸಮುದ್ರ ಸರೀಸೃಪ ಇಕ್ತಿಯೋಸಾರ್‌ನ ಕಣ್ಣು! ಅವಳು ಅದನ್ನು ಚಿತ್ರದಲ್ಲಷ್ಟೇ ನೋಡಿದ್ದಳು.

“ಕಣ್ಣು ಖರೇ ಅದ. ಎಲ್ಲಿ ಸಿಕ್ತು?”

ಅವನ ಚಹಾ ಅಲ್ಲಿಗೇ ನಿಂತಿತು. “ನೆಲಕ್ಕ ಹಾಕೋ ಹಳದಿ ಕಲ್ಲು ಕೊಯ್ಯುವಾಗ ಸಿಕ್ತು. ಬಾಕಿದು ಗಣಪತಿ ಮಾಡೋ ಮೂರ್ತಿಕಾರನ ಕಡೆ ಮಾಡಿಸಿದೆ.”

“ಉಳಿದ ಕಲ್ಲು?”

“ಎಲ್ಲಾ ಮಾರಿ ಹೋತು.”

ಚಹಾದ ಕಪ್ಪಿನೊಳಗೆ ನೋಡುತ್ತ ಹೇಳಿದ. ವೈಶಾಲಿ ಪೆಟ್ಟಿಗೆಯನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದಳು. “ನಡಿ, ಬೊರಿವಲಿಗೆ.”

ಅಂಗಡಿಯ ಹಿತ್ತಲಲ್ಲಿ ಟಾರ್ಪಾಲಿನ ಕೆಳಗೆ ಹಳದಿ ಚಪ್ಪಡಿಗಳು ನಿಂತಿದ್ದವು. ಅವಳು ಬಾಟಲಿಯ ನೀರು ಸುರಿದಳು. ಒದ್ದೆ ಕಲ್ಲಿನಲ್ಲಿ ಬೆನ್ನುಮೂಳೆಯ ಕಪ್ಪು ಬಿಲ್ಲೆಗಳು ಸಾಲಾಗಿ ಎದ್ದು ಕಂಡವು. ಒಂದು ಚಪ್ಪಡಿಯಲ್ಲಿ ಪಕ್ಕೆಲುಬು, ಇನ್ನೊಂದರಲ್ಲಿ ಈಜುರೆಕ್ಕೆ. ಟೆಂಪೋಗಿಂತ ಉದ್ದದ ಜೀವ ಗರಗಸಕ್ಕೆ ಸಿಕ್ಕು ತುಂಡಾಗಿತ್ತು.

“ಮಾರೀನಿ ಅಂದಿದ್ಯಲ್ಲ?”

“ನಾಳೆ ಹೋಗೂದಿತ್ತು, ವೈನಿ. ಇಂಥಾದ್ದು ಸಿಕ್ಕದ ಅಂತ ತಿಳಿದು ಸರಕಾರದವರು ಬಂದು ಅಂಗಡಿ ಮುಚ್ಚಿಸಿದ್ರ ಅಂತ ಹೆದರಿದೆ.”

“ಮಾಲಕರಿಗೆ ಫೋನ್ ಹಚ್ಚು. ಸ್ಪೀಕರ್ ಹಾಕು.”

ಮಾಲಕರು ಮೊದಲು ಗುಜರಾತಿಯಲ್ಲಿ ಬೈದರು; ಕಲ್ಲಿನೊಳಗಿರುವುದೇನು, ಅದನ್ನು ಮಾರಿದರೆ ಏನಾದೀತು ಎಂದು ವೈಶಾಲಿ ವಿವರಿಸಿದ ಮೇಲೆ, ಕಾಲೇಜಿಗೆ ಒಯ್ಯಿರಿ ಎಂದರು.

ಟೆಂಪೋ ತುಂಬಿದಾಗ ಶ್ರೀಶೈಲ, “ನೀವು ರಿಕ್ಷಾದಾಗ ಹೋಗ್ರಿ, ನಾ ಕಾಲೇಜಿಗೆ ಮುಟ್ಟಸ್ತೀನಿ” ಎಂದ.

ವೈಶಾಲಿ ಹಿಂದೆ, ಕಲ್ಲುಗಳ ಪಕ್ಕದಲ್ಲೇ ಹತ್ತಿ ಕುಳಿತಳು. ಸಿಗ್ನಲ್‌ನಲ್ಲಿ ನಿಂತಾಗಲೆಲ್ಲ ಮೈದುನ ಮುಂದಿನಿಂದ ಇಣುಕುತ್ತಿದ್ದ. ಅವಳು ಚಪ್ಪಡಿಯ ಮೇಲಿನ ಕೈ ತೆಗೆಯಲಿಲ್ಲ.