ಯಮನ ಕೋಣ ಸೀನಿದ ಹೋಳಿ

ಚೌಡವ್ವ ನಕ್ಕುಬಿಟ್ಟಳು. ಗಂಡ ಸತ್ತು ಇನ್ನೂ ಇಪ್ಪತ್ತೆರಡು ದಿನ. ಓಣಿಯ ಮಂದಿಯೆಲ್ಲ ನೋಡುತ್ತಿರುವಾಗಲೇ, ಸೆರಗು ಬಾಯಿಗೆ ತುರುಕಿಕೊಂಡರೂ ತಡೆಯಲಾಗದೆ, ಹೊಟ್ಟೆ ಹಿಡಿದುಕೊಂಡು ನಕ್ಕಳು.

ರಾಣೆಬೆನ್ನೂರಿನ ಅವರ ಓಣಿಯಲ್ಲಿ ಹೋಳಿಗೆ ಗೊಂಬೆಯ ಕಾಮಣ್ಣನನ್ನು ಕೂರಿಸುವುದಿಲ್ಲ. ಜೀವಂತ ಮನುಷ್ಯರೇ ರತಿ ಕಾಮರ ವೇಷ ಹಾಕಿ ಕಟ್ಟೆಯ ಮೇಲೆ ಕೂರುತ್ತಾರೆ. ಕೆಳಗೆ ನಿಂತವರು ಕುಣಿದು, ಅಣಕಿಸಿ, ಏನೇನೋ ಆಡಿ ಅವರನ್ನು ನಗಿಸಬೇಕು. ಅವರು ನಗಬಾರದು. ಚೌಡವ್ವನ ಗಂಡ ಉಡಚಪ್ಪ ಹತ್ತೊಂಬತ್ತು ವರ್ಷ ಕಾಮಣ್ಣನಾಗಿ ಕೂತವನು, ಒಮ್ಮೆಯೂ ತುಟಿ ಅಲುಗಿಸಿದವನಲ್ಲ. ಹಾವೇರಿಯಿಂದ, ಬ್ಯಾಡಗಿಯಿಂದ ನಗಿಸಲು ಬಂದವರೆಲ್ಲ ಸೋತು ಹೋಗಿದ್ದರು. ಎಲ್ಲರಿಗಿಂತ ಹೆಚ್ಚು ಸಲ ಸೋತವನು ಅದೇ ಓಣಿಯ ಡಾಕಪ್ಪ. ಹಗಲು ಆಟೋ ಓಡಿಸುತ್ತಾನೆ. ಮದುವೆಯೋ ಶಾಲೆಯ ಗ್ಯಾದರಿಂಗೋ ಇದ್ದರೆ ಮೈಕು ಹಿಡಿದು ಮಂದಿಯನ್ನು ನಗಿಸುತ್ತಾನೆ.

ಈ ಸಲ ಹೋಳಿಗೆ ಮೊದಲೇ ಕೆಟ್ಟದ್ದು ನಡೆದುಹೋಯಿತು. ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ಚೀಲ ಹೇರಿಕೊಂಡು ಹೊರಟ ಟೆಂಪೋ ಮೋಟೆಬೆನ್ನೂರಿನ ಹತ್ತಿರ ಟಾಯರು ಒಡೆದು ಮಗುಚಿತು. ಚೀಲಗಳ ಮೇಲೆ ಐದು ಜನ ಕೂತಿದ್ದರು. ಮೂವರು ಬದುಕಿದರು. ಹಮಾಲಿ ಉಡಚಪ್ಪ ಮತ್ತು ಮಂಗಳವ್ವನ ಮಗಳು ಸುನಿತಾ ಚೀಲಗಳ ಕೆಳಗೆ ಸಿಕ್ಕರು. ಸುನಿತಾಳಿಗೆ ಇಪ್ಪತ್ತೊಂದು. ಮಂಗಳವ್ವ, ಚೌಡವ್ವ ಇಬ್ಬರೂ ಬ್ಯಾಡಗಿಯ ಒಂದೇ ಅಂಗಡಿಯಲ್ಲಿ, ಒಂದೇ ರಾಶಿಯ ಆಚೆ ಈಚೆ ಕೂತು ಮೆಣಸಿನಕಾಯಿಯ ತೊಟ್ಟು, ಅವರ ಮಾತಿನಲ್ಲಿ ತುಂಬು, ಮುರಿಯುತ್ತ ಹದಿನೈದು ವರ್ಷ ಕಳೆದವರು. ಆ ದಿನ ಇಬ್ಬರೂ ಮುಂಚಿನ ಬಸ್ಸಿಗೆ ಹೋಗಿದ್ದರು.

ಕಾಮಣ್ಣನ ಕಟ್ಟೆ ಚೌಡವ್ವನ ಮನೆಯ ಎದುರಿಗೇ ಇದೆ. ದುಃಖದ ಮನೆಯವರು ಹಬ್ಬ ಮಾಡುವಂತಿಲ್ಲ. ಆದರೆ ಬಾಗಿಲ ಮುಂದೆ ನಡೆಯುವುದನ್ನು ಹೇಗೆ ನೋಡದಿರುವುದು? ಈಕೆ ಒಬ್ಬಳೇ ಕೂತಾಳೆಂದು ಮಂಗಳವ್ವನೂ ಬಂದು ಹೊಸ್ತಿಲ ಬಳಿ ಕೂತಿದ್ದಳು. ಕಟ್ಟೆಯ ಮೇಲೆ ಹೊಸ ಕಾಮಣ್ಣನಾಗಿ ಕಲ್ಲೇಶ ಬಿಗಿಯಾಗಿ ಕೂತಿದ್ದ. ಆಗ ಡಾಕಪ್ಪ ಕಂಬಳಿ ಹೊದ್ದು, ಕೈಯಲ್ಲೊಂದು ಮೊರ ಹಿಡಿದು ಬಂದ.

"ನಾ ಯಮನ ಆಫೀಸಿನ ಜವಾನ ಅದೀನ್ರಿ! ನಿಮ್ಮ ಓಣಿಯಿಂದ ಉಡಚಪ್ಪ ಅಂತ ಒಬ್ಬ ಕಾಮಣ್ಣ ಬಂದಾನ. ಯಮಧರ್ಮ ಎದುರಿಗೆ ಕುಂದ್ರಿಸ್ಕೊಂಡು ಮಾತಾಡಸ್ತಾನ, ಉತ್ತರಿಲ್ಲ. ನಗಸ್ತಾನ, ನಗೂ ಇಲ್ಲ. ಇಂವೇನು ಮನುಷ್ಯಾನೋ ಕಲ್ಲೋ ಅಂತ ಕೋಣ ಬಂದು ಮೂಸಿ ನೋಡ್ತು. ಮೈತುಂಬ ಬ್ಯಾಡಗಿ ಮೆಣಸಿನಕಾಯಿ ಧೂಳಿ! ಕೋಣ ಸೀನ್ತು. ಯಮ ಸೀನಿದ. ಚಿತ್ರಗುಪ್ತ ಸೀನಿದ್ದಕ್ಕ ಕಣ್ಣಿನ ಚಾಳೀಸು ಹಾರಿ ನರಕದಾಗ ಬಿತ್ತು. ಮ್ಯಾಲಿನ ಲೋಕ ಎಲ್ಲಾ ಸೀನಾಕತ್ತೈತಿ, ಉಡಚಪ್ಪ ಮಾತ್ರ ಹಂಗ ಕುಂತಾನ! ಅದಕ್ಕ ನನ್ನ ಕಳಿಸ್ಯಾರ. ಅವನ ಹೆಂಡ್ತಿ ಚೌಡಕ್ಕನ್ನ ಕೇಳ್ಕೊಂಡ ಬಾ, ಈ ಮನುಷ್ಯಾ ಮನ್ಯಾಗರ ನಗತಿದ್ನೋ ಇಲ್ಲೋ ಅಂತ."

ಚೌಡವ್ವನಿಗೆ ನಗೆ ಉಕ್ಕಿದ್ದು ಅಲ್ಲಿ. ಯಾಕೆಂದರೆ ಆತ ನಗುತ್ತಿದ್ದ. ಪ್ರತಿ ಹೋಳಿಯಂದು ಕಟ್ಟೆ ಇಳಿದು ಮನೆಗೆ ಬಂದು, ಕಿರೀಟ ತೆಗೆದಿಟ್ಟು, ಗೋಡೆಯ ಕಡೆ ಮುಖ ಮಾಡಿ ಮಲಗಿ, ಡಾಕಪ್ಪನ ಮಾತು ಒಂದೊಂದಾಗಿ ನೆನೆಸಿಕೊಂಡು ಹೊರಸು ಅಲುಗುವಂತೆ ನಗುತ್ತಿದ್ದ. ಹತ್ತೊಂಬತ್ತು ವರ್ಷ ಅದನ್ನು ಕಂಡವಳು ಅವಳೊಬ್ಬಳೇ.

ಕಲ್ಲೇಶ ನಕ್ಕನೋ ಇಲ್ಲವೋ ಯಾರೂ ನೋಡಲಿಲ್ಲ. ಎಲ್ಲರ ಕಣ್ಣೂ ಚೌಡವ್ವನ ಮೇಲಿತ್ತು. ಮಂಗಳವ್ವ ಎದ್ದು ನಿಂತಳು.

"ನನ್ನ ಮಗಳ ಕಣ್ಣಾಗ, ಮೂಗಿನಾಗ ಅದ ಧೂಳಿ ತುಂಬಿತ್ತು. ಈ ಕೈಲೆ ತೊಳದೇನಿ," ಎಂದಳು. ಕೂಗಲಿಲ್ಲ. "ನಿನಗ ನಗು ಬಂತಲ್ಲ, ಚೌಡವ್ವಾ."

ಹೊರಟು ಹೋದಳು.

ಮರುದಿನ ಬಣ್ಣದಾಟ. ಅದರ ಮರುದಿನ ಅಂಗಡಿಗೆ ಹೋದರೆ ಮಂಗಳವ್ವ ಬೇರೆ ರಾಶಿಯ ಮುಂದೆ ಬೆನ್ನು ತಿರುಗಿಸಿ ಕೂತಿದ್ದಳು. ಚೌಡವ್ವ ತನ್ನ ರಾಶಿಯ ಈಚೆ ಒಬ್ಬಳೇ ಕೂತಳು. ಆಚೆ ಬದಿಯ ಮೆಣಸಿನಕಾಯಿ ಸಂಜೆಯವರೆಗೂ ಹಾಗೇ ಉಳಿಯಿತು. ಯಾರೋ ಫೋನಿನಲ್ಲಿ ಹಿಡಿದು ಬಿಟ್ಟಿದ್ದ ವಿಡಿಯೋ ಆಗಲೇ ಹಾವೇರಿ ಮುಟ್ಟಿತ್ತು. "ಹೆಂಡ್ತೀನ ನಕ್ಕಾಳ, ಉಳಿದವ್ರದೇನು ಹೋಗೋದು?" ಎಂದು ಒಬ್ಬಳು. "ಹೆಣದ ಮ್ಯಾಲೆ ಚಾಷ್ಟಿ ಮಾಡೋದು ಯಾವ ಕಲಾ ಬೇ?" ಎಂದು ಇನ್ನೊಬ್ಬಳು. ಇಬ್ಬರು ಹೇಳಿದ್ದೂ ಚೌಡವ್ವನಿಗೆ ಸರಿಯೆನಿಸಿತು. ಅದೇ ಅವಳ ಕಷ್ಟ.

ಸಂಜೆ ಡಾಕಪ್ಪ ಬಂದು ಆಟೋ ನಿಲ್ಲಿಸಿದ. ಒಳಗೆ ಬರಲಿಲ್ಲ.

"ಚೌಡಕ್ಕಾ, ನಾ ತಪ್ಪ ಮಾಡೀನೇನು?"

"ನನ್ನ ಕೇಳ್ತಿಯಲ್ಲೋ. ಮೈಕು ಹಿಡಿಯಾಂವ ನೀನು."

"ನಂಗೂ ತಿಳಿವಲ್ದು. ಬ್ಯಾರೆ ಏನರ ಹೇಳ್ಬೇಕು ಅಂತನ ಹೋಗಿದ್ದೆ. ಕಟ್ಟಿ ಮುಂದ ನಿಂತ್ರ ಕಲ್ಲೇಶ ಕಾಣ್ಲಿಲ್ಲ, ಉಡಚಪ್ಪಣ್ಣನ ಕಂಡ. ಹಾವೇರಿ ದವಾಖಾನಿಯಿಂದ ತಂದು ಇಳಿಸಿಕೊಳ್ಳೋ ಮುಂದ ಅವನ ಕಾಲು ಹಿಡದಾಂವ ನಾ. ಆಗ ನನಗೂ ಸೀನು ಬಂತು. ಅಳೋ ಮಂದ್ಯಾಗ ನಾ ಒಬ್ಬ ಸೀನಾಕತ್ತೀನಿ. ಆ ಹುಡುಗಿ ನೆನಪ ಬರ್ಲಿಲ್ಲಕ್ಕಾ. ಆಣಿ ಮಾಡಿ ಹೇಳ್ತೇನಿ, ಬರ್ಲೇ ಇಲ್ಲ."

ಚೌಡವ್ವ ಅವನಿಗೆ ಚಹಾ ಕೊಟ್ಟಳು. ಗಂಡನ ಮೈ ತೊಳೆಯುವಾಗ ತಾನೂ ಸೀನಿದ್ದನ್ನು, ನಾಚಿಕೆಯಾಗಿ ಅತ್ತಂತೆ ಮಾಡಿದ್ದನ್ನು ಹೇಳಲಿಲ್ಲ.

ರವಿವಾರ ಓಣಿಯ ಹಿರಿಯ ಸಿದ್ದಲಿಂಗಪ್ಪ ದುರಗವ್ವನ ಗುಡಿಯ ಮುಂದೆ ಎಲ್ಲರನ್ನೂ ಕೂಡಿಸಿದ. ಮಂಗಳವ್ವನ ಅಣ್ಣ ದುರಗಪ್ಪನ ಮಾತು ಒಂದೇ: ಡಾಕಪ್ಪ ಇನ್ನು ಈ ಓಣಿಯ ಕಟ್ಟೆ ಮುಂದೆ ನಿಲ್ಲಬಾರದು. ಡಾಕಪ್ಪ ತಲೆ ತಗ್ಗಿಸಿ ಕೂತಿದ್ದ. ಸಿದ್ದಲಿಂಗಪ್ಪ ಚೌಡವ್ವನ ಕಡೆ ತಿರುಗಿದ.

"ನೋಡವಾ, ಅವ ಹೆಸರು ತಗದದ್ದು ನಿನ್ನ ಗಂಡಂದು. ನೀ ಬ್ಯಾಡ ಅಂದ್ರ ಇವನ ಆಟ ಇಲ್ಲಿಗೆ ಬಂದ್. ಇರ್ಲಿ ಅಂದ್ರ ಇರ್ಲಿ. ಹೇಳು."

ಮಂಗಳವ್ವ ಗುಡಿಯ ಕಂಬಕ್ಕೆ ಒರಗಿ ಕೂತಿದ್ದಳು. ಚೌಡವ್ವ ಅವಳನ್ನೇ ನೋಡಿ ಮಾತಾಡಿದಳು.

"ನಮ್ಮ ಮನಿಯವ್ರ ಹೆಸರು ತಗದ್ರ ನನಗ ಬ್ಯಾಸರಿಲ್ಲರಿ. ಅವ್ರು ಇದ್ದಿದ್ರ ಹೊರಸಿನ ಮ್ಯಾಲೆ ಬಿದ್ದು ನಗತಿದ್ರು. ಆದ್ರ ಸುನಿತಾನ ಮೈಮ್ಯಾಲಿನ ಧೂಳಿ ಮಾತು ತಗೀಬಾರದು. ಇದು ಖರೇ. ಆದ್ರ ಅದು ಒಂದ ಚೀಲದ್ದರಿ. ಒಂದ ಧೂಳಿ. ಇದು ನಂದು, ಇದು ಆಕೀದು ಅಂತ ಹೆಂಗ ಬ್ಯಾರೆ ಮಾಡ್ಲಿ? ನನಗ ತಿಳಿವಲ್ದರಿ."

"ಹಿಂಗಂದ್ರ ಏನು ತೀರ್ಮಾನ ಮಾಡೋದು?" ಎಂದು ಸಿದ್ದಲಿಂಗಪ್ಪ ರುಮಾಲು ಜಾಡಿಸಿದ. ಮುಂದಿನ ರವಿವಾರ ನೋಡೋಣವೆಂದು ಎದ್ದರು.

ಸೋಮವಾರ ಚೌಡವ್ವ ತಲೆ ಬಗ್ಗಿಸಿ ತುಂಬು ಮುರಿಯುತ್ತಿದ್ದಾಗ ರಾಶಿಯ ಆಚೆ ಬದಿ ಯಾರೋ ಕುಕ್ಕರಿಸಿದರು. ಮಂಗಳವ್ವ. ಅವಳೂ ತುಂಬು ಮುರಿಯತೊಡಗಿದಳು.

"ಖರೇನ ಮನ್ಯಾಗ ನಗತಿದ್ನೇನು?" ಎಂದಳು ಕೊನೆಗೆ.

"ನಗತಿದ್ರು. ಹೊರಸಿನ ಹಗ್ಗ ಜೋತು ಬೀಳೂವಂಗ."

ಮಂಗಳವ್ವ ನಗಲಿಲ್ಲ. "ನಮ್ಮ ಸುನಿತಾನೂ ಆವತ್ತು ಟೆಂಪೋದಾಗ ಏನೋ ಚಾಷ್ಟಿ ಮಾಡಾಕತ್ತಿದ್ಲಂತ. ಎಲ್ಲಾರೂ ನಗಾಕತ್ತಿದ್ರಂತ. ಅಷ್ಟು ಹೇಳ್ತಾರ. ಏನಂತ ಕೇಳಿದ್ರ ಒಬ್ರೂ ಬಾಯಿ ಬಿಡವಲ್ರು. ತಾಯಿಗೆ ಹೆಂಗ ಹೇಳೋದು ಅಂತಾರ. ನೀ ನಿರ್ಮಲಾನ್ನ ಕೇಳು. ಆದ್ರ ನನಗ ಹೇಳಬ್ಯಾಡ."

"ನಿನಗ ಹೇಳಾಕಲ್ದ ಮತ್ಯಾಕ ಕೇಳ್ಲಿ?"

"ಈಗ ಬ್ಯಾಡ ಅಂದೆ. ಯಾರಕಡಿಗರ ಒಬ್ರಕಡಿಗೆ ಇರ್ಲಿ ಅದು."

ನಿರ್ಮಲಾ ಟೆಂಪೋದಲ್ಲಿ ಬದುಕಿ ಉಳಿದವಳು. ಕೈಗೆ ಪ್ಲಾಸ್ಟರು ಹಾಕಿಸಿಕೊಂಡು ಪಕ್ಕದ ಓಣಿಯಲ್ಲಿದ್ದಳು. ಸಂಜೆ ಚೌಡವ್ವ ಹೋಗಿ ಕೇಳಿದಾಗ ಮೊದಲು ಅತ್ತಳು, ಆಮೇಲೆ ಹೇಳಿದಳು.

"ಸುನಿತಾ, ಉಡಚಪ್ಪ ಕಾಕಾನ ಎದುರಿಗೆ ಕುಂತು, ಅವನ ಹಂಗ ಮುಖ ಬಿಗಿ ಮಾಡ್ಕೊಂಡು, 'ಈ ವರ್ಷ ನಾ ಕಾಮಣ್ಣ, ನೀ ರತಿ' ಅಂತ ತನ್ನ ಓಢಣಿ ಅವನ ತಲಿಮ್ಯಾಲೆ ಹಾಕಿಬಿಟ್ಲು, ಕಾಕಿ. ಕಾಕಾ ಬಹಳ ತಡಕೊಂಡ. ತುಟಿ ನಡುಗಿದ್ವು. ಆಮ್ಯಾಲೆ ನಕ್ಕೇಬಿಟ್ಟ. ನಾವು ಯಾರೂ ಅವ ನಕ್ಕದ್ದು ಕಂಡಿರ್ಲಿಲ್ಲ. 'ಸೋತೆ ಮಗಳ' ಅಂದ. ಅಷ್ಟರಾಗ ಟಾಯರು..."

ಚೌಡವ್ವ ಮನೆಗೆ ಹೇಗೆ ಬಂದಳೋ ಅವಳಿಗೇ ಗೊತ್ತಿಲ್ಲ. ಖಾಲಿ ಹೊರಸಿನ ಮುಂದೆ ನಿಂತಳು. ಡಾಕಪ್ಪನಿಗೆ ಹೇಳಿದರೆ? ಹಾವೇರಿ ತನಕ ಮಂದಿ ನಗುತ್ತಾರೆ. ಎಲ್ಲಕ್ಕಿಂತ ಮೊದಲು ಮಂಗಳವ್ವನಿಗೇ ಹೇಳಬೇಕು. ಆದರೆ ಯಾವಾಗ? ಹನ್ನೊಂದು ದಿನಕ್ಕೆ ಸೂತಕ ಕಳೆಯುತ್ತದೆ, ವರ್ಷಕ್ಕೆ ಹಬ್ಬ ಮಾಡಬಹುದು. ಇದಕ್ಕೆ ಎಷ್ಟು ದಿನ ಎಂದು ಯಾರೂ ಹೇಳಿರಲಿಲ್ಲ.

ಮರುದಿನ ರಾಶಿಯ ಆಚೆಯಿಂದ ಮಂಗಳವ್ವ ಕೇಳಿದಳು. "ಕೇಳಿದೇನು?"

"ಕೇಳ್ದೆ."

"ನಗೂವಂಥಾದ್ದ ಐತೇನು?"

"ಐತಿ," ಎಂದಳು ಚೌಡವ್ವ. "ಇಲ್ಲ. ಗೊತ್ತಾಗವಲ್ದು, ಮಂಗಳಿ."

"ಇರ್ಲಿ, ಇಟ್ಕೊ. ನಾ ಕೇಳ್ದಾಗ ಹೇಳುವಿಯಂತ."

"ಮತ್ತ ಡಾಕಪ್ಪಂದು? ರವಿವಾರ ಏನಂತ ಹೇಳೋದು?"

"ಮುಂದಿನ ಹೋಳಿ ಬರ್ಲಿ ಅನ್ನು."

ಮಂಗಳವ್ವ ತನ್ನ ಬದಿಯಿಂದ ಒಂದು ಬೊಗಸೆ ಮೆಣಸಿನಕಾಯಿ ಈಚೆಗೆ ನೂಕಿದಳು. ಚೌಡವ್ವ ಅದನ್ನು ಎಳೆದುಕೊಂಡಳು. ತಲೆಯ ಮೇಲೆ ಹುಡುಗಿಯ ಓಢಣಿ ಹಾಕಿಕೊಂಡು ಕೂತ ಗಂಡನ ಮುಖ ಕಣ್ಣ ಮುಂದೆ ಬಂದು, ನಗುವೋ ಅಳುವೋ ಉಕ್ಕಿ ಬಂತು. ಎದುರಿಗೆ ಮಂಗಳವ್ವ ನೋಡುತ್ತಿದ್ದಳು. ಚೌಡವ್ವ ಬೆನ್ನು ನೆಟ್ಟಗೆ ಮಾಡಿ, ತುಟಿ ಬಿಗಿಹಿಡಿದು, ಎಲ್ಲೂ ಅಲುಗದಂತೆ ಕೂತಳು.