ಮತ್ತೆ ಅದ್ದಬೇಕಿತ್ತು

ಎಲಚಿ ಎಲೆ ಕುದಿಸಿದ ನೀರಿನ ವಾಸನೆ ಮೂಗಿಗೆ ಬಡಿದಾಗ ಅಮೀರ್ ಬಿಯ ಕೈ ತಂಗಿಯ ಭುಜದ ಮೇಲೆ ತಡೆದು ನಿಂತಿತು. ಅಪ್ಪ, ಅವರ ಅಬ್ಬಾ, ಬಣ್ಣದ ಬೇರು ಕುದಿಸುತ್ತಿದ್ದ ಕೊಪ್ಪರಿಗೆಯಿಂದಲೂ ಇಂಥದೇ ಒಗರು ಹಬೆ ಏಳುತ್ತಿತ್ತು. ಅಕ್ಕತಂಗಿಯರಿಬ್ಬರೂ ಅದರ ಸುತ್ತ ಆಡಿಯೇ ದೊಡ್ಡವರಾಗಿದ್ದರು. ಈಗ ಈ ನೀರು ಬದರುನ್ನೀಸಾಳ ಕೊನೆಯ ಸ್ನಾನಕ್ಕೆ.

"ನಿಲ್ಲಿಸಬೇಡ, ಹುಯ್ಯಿ," ಎಂದಳು ಖಾಜಾಬಿ, ಸತ್ತವಳ ಗಂಡನ ಅಕ್ಕ. ಹೊಕ್ಕುಳ ಕೆಳಗಿನ ಆಸ್ಪತ್ರೆಯ ಪಟ್ಟಿಯನ್ನು ಅವಳೇ ಬಿಚ್ಚಿದಳು. "ನೋಡು ಈ ತೂತು! ಹೆಬ್ಬೆಟ್ಟು ಒತ್ತಿದೋಳು ನೀನೇ ತಾನೇ? ಮಣ್ಣಾದ ಮೇಲೆ ನಿನ್ನ ಗಂಟು ಕಟ್ಕೊ. ಈ ಮನೇಲಿ ನಿಂಗೇನೂ ಕೆಲಸ ಇಲ್ಲ."

ವಿಧವೆಯಾದ ಮೇಲೆ ಅಮೀರ್ ಬಿಗೆ ಇದ್ದದ್ದು ಇದೊಂದೇ ಮನೆ, ತಂಗಿಯ ಜೊತೆ ಸೀರೆಗೆ ಬಣ್ಣ ಹಾಕುವ ಇದೊಂದೇ ಕೆಲಸ. ಅವಳು ನೀರು ಹುಯ್ದಳು. ಮೂರು ಸಲ ತೊಳೆದರೂ ಬದರುನ್ನೀಸಾಳ ಉಗುರಿನ ಕೆಂಪು ಹೋಗಲಿಲ್ಲ. ಉಳಿದ ಬಣ್ಣದಲ್ಲಿ ಚಿಂದಿ ಅದ್ದಿ, ಬೀದಿಯ ಹುಡುಗಿಯರ ಜಡೆಗೆ ಟೇಪು ಮಾಡಿಕೊಡುತ್ತಿದ್ದ ಕೈ ಅದು.

*

ಅದಕ್ಕೂ ಮೊದಲು, ಕೊಪ್ಪರಿಗೆ ಮಗುಚಿ ಸುಟ್ಟ ಬದರುನ್ನೀಸಾಳ ತೊಡೆ ಕೀವಾಗಿತ್ತು. ಬೆಂಗಳೂರಿನ ಆಸ್ಪತ್ರೆ ಸೇರುವಷ್ಟರಲ್ಲಿ ನಂಜು ರಕ್ತಕ್ಕೇರಿತ್ತು. ಮೂರನೆಯ ದಿನ ಮೂತ್ರ ನಿಂತಿತು.

"ಕಿಡ್ನಿ ಕೆಲಸ ಮಾಡ್ತಿಲ್ಲ. ಔಷಧಿ ಒಳಗೇ ಉಳಿದ್ರೆ ವಿಷ ಆಗುತ್ತೆ," ಎಂದು ಚಿಕ್ಕ ಡಾಕ್ಟರು ನಂಜಿಗೆ ಕೊಡುತ್ತಿದ್ದ ಇಂಜೆಕ್ಷನ್ನನ್ನು ಎರಡು ದಿನಕ್ಕೊಂದಕ್ಕೆ ಇಳಿಸಿದರು. ಮರುದಿನ ಡಯಾಲಿಸಿಸ್ ಎಂದರು. ೧೯೬೬ರಲ್ಲಿ ಅದಿನ್ನೂ ಹೊಸತು. ಹೊಟ್ಟೆಗೆ ನಳಿಗೆ ತೂರಿಸಿ ಬಾಟಲಿಗಟ್ಟಲೆ ದ್ರಾವಣ ಬಿಡುವುದು, ರಕ್ತದ ಕಲ್ಮಶ ಅದಕ್ಕಿಳಿದ ಮೇಲೆ ಹೊರಗೆ ಬಸಿಯುವುದು. ಗಂಡ ಕುತುಬುದ್ದೀನ್ ಬಟ್ಟೆ ತರಲು ಊರಿಗೆ, ಸಿರಾಕ್ಕೆ, ಹೋಗಿದ್ದ. ಒಪ್ಪಿಗೆಯ ಕಾಗದಕ್ಕೆ ಅಮೀರ್ ಬಿ ಹೆಬ್ಬೆಟ್ಟು ಒತ್ತಿದಳು.

ಹಗಲೆಲ್ಲ ಬಾಟಲಿ ನೋಡುತ್ತ ಕೂತವಳು ಕೊನೆಗೆ ಕೇಳಿಯೇಬಿಟ್ಟಳು: "ಡಾಕ್ಟ್ರೇ, ನಾವು ಬಣ್ಣದೋರು. ಬಟ್ಟೆ ಜಾಲಿಸಿದ್ರೆ ಕೊಳೆ ಒಂದೇ ಹೋಗಲ್ಲ, ಬಣ್ಣಾನೂ ಹೋಗ್ತದೆ. ಮತ್ತೆ ಅದ್ದಬೇಕು. ಇಷ್ಟು ತೊಳೀತಿದ್ರೆ ಸೂಜಿ ಮದ್ದೂ ಆಚೆ ಬರಲ್ವಾ?"

"ನಿನ್ನ ತಂಗಿ ಸೀರೆ ಅಲ್ಲಮ್ಮ," ಎಂದು ಡಾಕ್ಟರು ನಕ್ಕರು.

ನರ್ಸ್ ಸರಸಮ್ಮ ನಗಲಿಲ್ಲ. ಗೋಡೆಯ ಚಾರ್ಟಿನ ಕಡೆ ನೋಡಿದಳು. ಆಮೇಲೆ ಅಮೀರ್ ಬಿಗೆ ಕೂರಲು ಸ್ಟೂಲು ತಂದಿಟ್ಟಳು. ಅಷ್ಟೇ. ಇಳಿದಿದ್ದ ಜ್ವರ ಮತ್ತೆ ಏರಿತು. ಡಾಕ್ಟರು ಹೇಳಿದ್ದ ನಲವತ್ತು ಬಾಟಲಿ ಮುಗಿಯುವ ಮೊದಲೇ ಬದರುನ್ನೀಸಾ ಹೋಗಿಬಿಟ್ಟಳು.

*

ಗಂಡಸರು ಜನಾಜಾ ಹೊತ್ತು ಹೋದ ಮೇಲೆ ಸರಸಮ್ಮ ಬಂದಳು. ತನ್ನೂರು ಹೊಳವನಹಳ್ಳಿಗೆಂದು ರಜೆ ಹಾಕಿ, ಸಿರಾದ ಬಸ್ಸು ಹತ್ತಿದ್ದಳು. ಅಮೀರ್ ಬಿಯನ್ನು ಕೊಪ್ಪರಿಗೆಯ ಮರೆಗೆ ಕರೆದಳು.

"ನೀವು ಕೇಳಿದ್ದು ಸರಿಯಾಗಿತ್ತು ಕಣಮ್ಮ. ನಿನ್ನೆ ಸಾಯಂಕಾಲ ದೊಡ್ಡ ಡಾಕ್ಟ್ರು ಚಾರ್ಟ್ ನೋಡಿ ಬೈದ್ರು. ತೊಳೆಯೋಕೆ ಶುರುವಾದ್ಮೇಲೆ ಮದ್ದು ಜಾಸ್ತಿ ಕೊಡಬೇಕಿತ್ತಂತೆ. ನಾವು ಹಳೇ ಪ್ರಕಾರವೇ ಬಿಟ್ಟಿದ್ವಿ. ಕೊಟ್ಟಿದ್ರೆ ಉಳೀತಿದ್ರು ಅಂತ ಹೇಳಕ್ಕಾಗಲ್ಲ. ಆದ್ರೂ…"

"ಅವತ್ತು ಯಾಕೆ ಬಾಯಿ ಬಿಡಲಿಲ್ಲ ನೀವು?"

"ನಾನು ನರ್ಸು," ಎಂದಳು ಸರಸಮ್ಮ.

ಮಣ್ಣು ಮುಗಿಸಿ ಬಂದ ಕುತುಬುದ್ದೀನ್ ಅಂಗಳದಲ್ಲಿ ಅವಳನ್ನು ಕಂಡು ನಿಂತ. "ಸಿಸ್ಟರಮ್ಮ, ನೀವೇ ಹೇಳಿ. ಅಮೀರ್ ಬಿ ಆಪಾ ಹೆಬ್ಬೆಟ್ಟು ಒತ್ತದಿದ್ರೆ, ಆ ತೂತು ಹಾಕದಿದ್ರೆ, ಬದುಕ್ತಿದ್ಳು ಅಲ್ವಾ?"

ಅಂಗಳದಲ್ಲಿದ್ದವರೆಲ್ಲ ಇತ್ತ ತಿರುಗಿದರು. ಅಮೀರ್ ಬಿ ಸರಸಮ್ಮನ ಬಾಯನ್ನೇ ನೋಡುತ್ತಿದ್ದಳು.

"ನಂಗೆ… ನಂಗೊತ್ತಿಲ್ಲ," ಎಂದಳು ಸರಸಮ್ಮ. ಸೆರಗು ಬಾಯಿಗೆ ಹೋಯಿತು.

"ಕೇಳಿದ್ಯಾ?" ಖಾಜಾಬಿ ಒಳಗಿನಿಂದ ಬಟ್ಟೆಯ ಗಂಟು ತಂದು ಹೊಸಿಲ ಹೊರಗಿಟ್ಟಳು. ಕುತುಬುದ್ದೀನ್ ನೆಲ ನೋಡಿದ.

ಸತ್ತ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವೆಂದು ಪಕ್ಕದ ಮನೆಯ ಶಿವರುದ್ರಮ್ಮ ಅನ್ನ, ಸಾರು ಮಾಡಿ ತಂದಿದ್ದರು. "ನಿನ್ನೆಯಿಂದ ನೀನೇನೂ ತಿಂದಿಲ್ಲ," ಎಂದು ಮೊದಲ ತಟ್ಟೆಯನ್ನು ಅಮೀರ್ ಬಿಯ ಕೈಗಿತ್ತರು.

ಅಮೀರ್ ಬಿ ಗಂಟನ್ನು ದಾಟಿಕೊಂಡು ಸರಸಮ್ಮನ ಎದುರು ಹೋಗಿ ನಿಂತಳು. ಬಸ್ಸಿನ ಧೂಳು ಅವಳ ಮುಖದ ಮೇಲೆ ಹಾಗೇ ಇತ್ತು, ತುಟಿ ಒಣಗಿತ್ತು. ಉಗುರು ಕೆಂಪಾದ ಎರಡೂ ಕೈಯಲ್ಲಿ ಅಮೀರ್ ಬಿ ತಟ್ಟೆಯನ್ನು ಮುಂದೆ ಹಿಡಿದಳು. ಸರಸಮ್ಮ ತೆಗೆದುಕೊಳ್ಳುವವರೆಗೂ ಹಿಡಿದೇ ನಿಂತಿದ್ದಳು.